ಎಲೆಕೋಸಿಗೂ ಪಂಕ್ತಿಭೇದ

ಸಾಲುಗಳು ಆರಿದ್ದವೋ ಎಂಟಿದ್ದವೋ, ನನ್ನ ನೆನಪು ತಪ್ಪಿರಬಹುದು. ಪುಣೆಯಲ್ಲಿ ಕೃಷಿ ಓದುತ್ತಿದ್ದ ನಾನು ಇಂದಾಪುರದ ಸೋದರತ್ತೆಯ ಹೊಲದಲ್ಲಿ ಎಲೆಕೋಸಿನ ಪ್ರಯೋಗ ಹೂಡಿದ್ದೆ. ಎಲ್ಲ ಸಾಲುಗಳಿಗೂ ಕಬ್ಬಿನ ರವದಿಯ, ಅಂದರೆ ಒಣಗಿದ ಗರಿಗಳ, ಹೊದಿಕೆ ಹಾಕಿ, ಅರ್ಧಕ್ಕೆ ಮಾತ್ರ ಬೆಳವಣಿಗೆಯ ಹಾರ್ಮೋನು ಸಿಂಪಡಿಸಿದ್ದೆ. ಆ ವ್ಯತ್ಯಾಸವೇ ನನ್ನ ಪ್ರಬಂಧ.

ಕೊಯ್ಲಿಗೆ ಹೋದರೆ ಗಡ್ಡೆಗಳೆಲ್ಲ ಒಂದೇ ಗಾತ್ರ! ನಾನು ಬಿಟ್ಟುಹೋಗಿದ್ದ ಹಾರ್ಮೋನಿನ ಬಾಟಲಿ ಖಾಲಿಯಾಗಿತ್ತು, ಅಥವಾ ಹಾಗಿತ್ತೆಂದು ಈಗ ಅನಿಸುತ್ತಿದೆ.

"ಒಂದ ಪಂಕ್ತ್ಯಾಗ ಅರ್ಧ ಮಂದಿಗೆ ಹೋಳಿಗಿ ಬಡಿಸಿ, ಉಳಿದವ್ರಿಗೆ ಬರೇ ಎಲಿ ಹಾಕ್ತಾರೇನವಾ, ಭಾಳ ಕಲ್ತಾಕಿ?" ಎಂದು ಅತ್ತೆ ನಕ್ಕರು.

"ಹಂಗಾರ ಉಳಿದ ಸಾಲಿಗೂ ನೀವ ಹೊಡದ್ರೇನ್ರಿ ಅತ್ತಿ? ಇಲ್ಲಾ, ನನ್ನ ಹಾರ್ಮೋನೇ ಸುಳ್ಳೇನ್ರಿ?" ಎಂದು ಕೇಳಿದೆ.

ಅತ್ತೆ ಇನ್ನೂ ಹೇಳಿಲ್ಲ.