ಏಷ್ಯಾದ ತುದಿ ಮತ್ತು ಹರಿಣಾಕ್ಷಿ ಟೀಚರ್

ವಿಶಾಖಪಟ್ಟಣದ ಶಾಲೆಗಳಲ್ಲಿ ಭೂಗೋಳವೆಂಬ ವಿಷಯ ಇನ್ನೂ ಜೀವ ಹಿಡಿದುಕೊಂಡಿದ್ದರೆ ಆ ಪುಣ್ಯದಲ್ಲಿ ಶ್ರೀಮತಿ ಹರಿಣಾಕ್ಷಿಯವರ ಪಾಲು ದೊಡ್ಡದು. ಧಾರವಾಡದ ಮಗಳು, ಉಕ್ಕಿನ ಕಾರ್ಖಾನೆಯ ಇಂಜಿನಿಯರ್ ರಾಮಕೃಷ್ಣರ ಕೈಹಿಡಿದು ಈ ಕಡಲೂರಿಗೆ ಬಂದವರು, ಎಂವಿಪಿ ಕಾಲೋನಿಯ ಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿ ಈಗ ನಿವೃತ್ತರಾಗಿದ್ದಾರೆ. ಸುತ್ತಲೂ ಕೋಚಿಂಗ್ ಸೆಂಟರುಗಳಿರುವಾಗ ಅಂಕ ತಾರದ ಪ್ರಶ್ನೆಗಳನ್ನು ಮಕ್ಕಳ ತಲೆಗೆ ಹಚ್ಚಿದ ಅವರ ಧೈರ್ಯ ಸಾಮಾನ್ಯವೇ!

ಅವರ ಪಾಠದ ಸಾಮಗ್ರಿಯೆಂದರೆ ಭೂಮಿಗೊಂದು ಮೋಸಂಬಿ, ರೇಖೆಗಳಿಗೆ ಒಂದಿಷ್ಟು ದಾರ, ಗುರುತಿಗೆ ನಾಲ್ಕು ಗುಂಡುಸೂಜಿ. ಏಷ್ಯಾದ ಪೂರ್ವದ ತುದಿ ಇಂಥದ್ದೆಂದು ಯಾರಾದರೂ ಹೇಳಿದರೆ, ಶಹಬ್ಬಾಸ್ ಬದಲು ಮರುಪ್ರಶ್ನೆ ಬರುತ್ತಿತ್ತು: "ಎಲ್ಲಿಂದ ಎಣಿಸೀದಿ?" ಸೊನ್ನೆ ರೇಖಾಂಶದಿಂದ ಪೂರ್ವಕ್ಕೆ ನಡೆದು ನೂರೆಂಬತ್ತು ಡಿಗ್ರಿ ಮುಗಿದರೂ ಏಷ್ಯಾ ಮುಗಿಯುವುದಿಲ್ಲ, ಅದರ ಪೂರ್ವದ ತುದಿಯ ರೇಖಾಂಶಕ್ಕೆ ‘ಪಶ್ಚಿಮ’ ಎಂದೇ ಬರೆಯಬೇಕು. ಇನ್ನು ಪಶ್ಚಿಮದ ತುದಿ ಹುಡುಕುವ ಮೊದಲು ಯುರೋಪು ಎಲ್ಲಿ ಮುಗಿಯಿತೆಂದು ಜನ ಒಪ್ಪಬೇಕಲ್ಲ. "ನೆಲಕ್ಕ ಅದೆಲ್ಲಾ ಗೊತ್ತಿಲ್ಲವ್ವಾ, ಗೆರಿ ಎಳದವರು ನಾವು" ಎಂದು ನಗುತ್ತಿದ್ದರು.

ಆ ಮೋಸಂಬಿಗೆ ಮನಸೋತವರಲ್ಲಿ ಉಷಶ್ರೀ ಒಬ್ಬಳು. ಅಪ್ಪ ತೆಲುಗು, ಅಮ್ಮ ಕನ್ನಡ. ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಭಾನುವಾರ ಮನೆಗೆ ಕರೆದು, ಉಪ್ಪಿಟ್ಟು ಕೊಟ್ಟು, ನಕಾಶೆಯ ಊರುಗಳ ಹೆಸರಿನಿಂದಲೇ ಕನ್ನಡ ತಿದ್ದಿಸಿದವರು ಟೀಚರ್. ಇಂದು ಅದೇ ಶಾಲೆಯಲ್ಲಿ ಭೂಗೋಳ ಕಲಿಸುವ ಉಷಶ್ರೀ ಟೀಚರಿಗೆ ಹೇಳಬೇಕಾದ ಒಂದು ಮಾತನ್ನು ಮಾತ್ರ ಇಪ್ಪತ್ತು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದಳು.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ರಸಪ್ರಶ್ನೆ ಸ್ಪರ್ಧೆ. ತಮ್ಮ ಶಾಲೆಯೇ ಕಣದಲ್ಲಿರುವಾಗ ತೀರ್ಪು ಹೇಳಲಾರೆನೆಂದರೂ ಸಂಘಟಕರು ಬಿಡದೆ ಹರಿಣಾಕ್ಷಿಯವರನ್ನೇ ತೀರ್ಪುಗಾರರನ್ನಾಗಿ ಕೂರಿಸಿದ್ದರು, ಪ್ರಶ್ನೆಗಳೂ ಅವರವೇ. ಅಂಕ ಸಮವಾಗಿ ಕೊನೆಯ ಪ್ರಶ್ನೆ ಬಂತು: ಏಷ್ಯಾದ ಪೂರ್ವದ ತುದಿ ಯಾವುದು? ಉಷಶ್ರೀ ಚೀಟಿಯಲ್ಲಿ ದೆಜ್ನೇವ್ ಭೂಶಿರವೆಂದು ಬರೆದಳು. ವಿಜಯವಾಡದ ಹುಡುಗ ಫಣಿ, ಅದರಾಚೆ ಸಮುದ್ರದಲ್ಲಿರುವ ರಾತ್ಮಾನೋವ್ ದ್ವೀಪವೆಂದು ಬರೆದ. ಟೀಚರ ಬಳಿಯಿದ್ದ ಉತ್ತರ ಉಷಶ್ರೀಯದೇ. ಚಪ್ಪಾಳೆ ಬಿತ್ತು.

ಫಣಿ ಎದ್ದು ನಿಂತು ತನ್ನ ತೆಲುಗಿನಲ್ಲೇ ಕೇಳಿದ. "ದ್ವೀಪ ಬಿಡಬೇಕು ಅಂತ ಪ್ರಶ್ನೇಲಿ ಇಲ್ಲವಲ್ಲಂಡಿ, ಮೇಡಂ."

ಟೀಚರ್ ಪ್ರಶ್ನೆಯನ್ನು ಇನ್ನೊಮ್ಮೆ ಓದಿಕೊಂಡರು. ‘ಮುಖ್ಯಭೂಮಿ’ ಎಂಬ ಪದ ಬರೆಯಲು ತಾವೇ ಮರೆತದ್ದಾಗಿಯೂ, ಬರೆದ ಪ್ರಶ್ನೆಗೆ ಹುಡುಗನ ಉತ್ತರವೇ ಸರಿಯೆಂದೂ ತುಂಬಿದ ಸಭೆಗೆ ತಿಳಿಸಿ, ಗೆದ್ದವರ ಕಪ್ಪನ್ನು ಫಣಿಗೆ ಕೊಟ್ಟರು.

ವಾಪಸು ಬರುವ ರೈಲಿನಲ್ಲಿ ಉಷಶ್ರೀ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನಿನ್ನ ಉತ್ತರಕ್ಕ ಏನೂ ಆಗಿಲ್ಲ, ನನ್ನ ಪ್ರಶ್ನಿ ತಪ್ಪು. ಸಿಟ್ಟಾಗು, ಆದರ ಉಣ್ಣವ್ವಾ" ಎಂದು ಟೀಚರ್ ಚಪಾತಿಯ ಡಬ್ಬಿ ಮುಂದಿಟ್ಟರು. ವಿಶಾಖಪಟ್ಟಣದವರೆಗೂ ಅವಳು ಅದನ್ನು ಮುಟ್ಟಲಿಲ್ಲ. ಎರಡು ಭಾನುವಾರ ಅವರ ಮನೆಗೂ ಹೋಗಲಿಲ್ಲ. ಮೂರನೆಯ ಭಾನುವಾರ ಹೋದರೆ, ಏನೂ ನಡೆದೇ ಇಲ್ಲವೆಂಬಂತೆ ಉಪ್ಪಿಟ್ಟು ಬಂತು. ಕ್ಷಮೆ ಕೇಳುವುದು ಹಾಗೆಯೇ ಉಳಿಯಿತು.

ಕಳೆದ ವರ್ಷ ಉಷಶ್ರೀ ಬರೆದ ಪ್ರಶ್ನೆಯೊಂದರಲ್ಲೂ ತಪ್ಪು ಸಿಕ್ಕಿತು. ನಲವತ್ತು ಮಕ್ಕಳ ಮುಂದೆ ಅದನ್ನು ಒಪ್ಪಿಕೊಳ್ಳುವುದೇ ಅವಳಿಗೆ ಕಷ್ಟವಾಯಿತು. ಅಯ್ಯೋ, ಅಷ್ಟು ದೊಡ್ಡ ಸಭೆಯಲ್ಲಿ, ತಮ್ಮದೇ ಮಕ್ಕಳ ಕಪ್ಪು ಬಿಟ್ಟುಕೊಟ್ಟು, ಟೀಚರ್ ಇದನ್ನು ಹೇಗೆ ಹೇಳಿದರೋ ಎಂದು ಅವಳಿಗೆ ಅಳುವೇ ಬಂತು.

ಬೀಳ್ಕೊಡುಗೆಯ ದಿನ, ಇನ್ನು ಭಾನುವಾರಗಳಂದು ಋಷಿಕೊಂಡದ ಕಡಲ ದಂಡೆಯಲ್ಲಿ ಮಕ್ಕಳಿಗೆ ದಿಕ್ಕು ಕಲಿಸುವುದಾಗಿ ಟೀಚರ್ ಸಾರಿದರು. ಆ ಕೆಲಸ ಬಹುಕಾಲ ನಡೆಯಲೆಂಬುದು ನಮ್ಮೆಲ್ಲರ ಹಾರೈಕೆ. ಅದನ್ನು ವೇದಿಕೆಯಲ್ಲಿ ಹೇಳುವ ಸರದಿ ಉಷಶ್ರೀಯದಾಗಿತ್ತು.

"ನೂರು ವರ್ಷ ಬಾಳಿ, ಟೀಚರ್."

"ಎಲ್ಲಿಂದ ಎಣಿಸೀದಿ?"

"ಇವತ್ತಿನಿಂದ." ಸಭೆ ನಕ್ಕಿತು. ಉಷಶ್ರೀ ನಗಲಿಲ್ಲ. "ಆವತ್ತು ರೈಲಿನಲ್ಲಿ ಡಬ್ಬಿ ಮುಟ್ಟದೆ ಬಂದೆ. ಕ್ಷಮಿಸಿಬಿಡಿ, ಟೀಚರ್."

ಹರಿಣಾಕ್ಷಿಯವರು ಹಾರ ಸರಿಸಿ ಎದ್ದು ಬಂದು ಅವಳ ಕೈ ಹಿಡಿದರು.

"ಇವತ್ತಾದರೂ ಉಣ್ಣು ಬಾ" ಎಂದರು.