ಅರ್ಧ ಗುಡ್ಡೆ

ಒಂದು ಮಾತಿನ ಸೇಡು ತೀರಿಸಿಕೊಳ್ಳಲು ನನಗೆ ಒಂದು ಟಗರು ಖರ್ಚಾಯಿತು. ಹುರುಳಿ ನೆನೆಸಿ ತಿನ್ನಿಸಿ, ಹಿಪ್ಪುನೇರಳೆ ಸೊಪ್ಪು ಹಾಕಿ, ಮನೆ ಮುಂದೆಯೇ ಕಟ್ಟಿ ಸಾಕಿದ ಬನ್ನೂರು ಟಗರು. ಬೆನ್ನ ಮೇಲೆ ಕೈಯಿಟ್ಟು ಒತ್ತಿದರೆ ಮೂಳೆ ಸಿಗುತ್ತಿರಲಿಲ್ಲ. ಹೊಸಕೋಟೆಯ ಬಿರಿಯಾನಿ ಹೋಟೆಲಿನವನೊಬ್ಬ ಅದನ್ನು ನೋಡಿಕೊಂಡು ಹೋದವನು ದಿನಾ ಫೋನ್ ಮಾಡುತ್ತಿದ್ದ. ಅವನಿಗೆ ಕೊಡಲಿಲ್ಲ. ನನ್ನ ಭಾವಮೈದನಿಗೆ ಕೊಟ್ಟೆ, ಪುಕ್ಕಟೆಯಾಗಿ. ಕುರಿ ವ್ಯಾಪಾರದಲ್ಲಿ ತಲೆ ನರೆತಿದೆ, ಅಷ್ಟು ಲಾಭದ ವ್ಯಾಪಾರ ಇನ್ನೊಂದು ಮಾಡಿಲ್ಲ.

ಮಾತು ಯಾವುದೆಂದು ಹೇಳುವ ಮೊದಲು ನಾನು ಯಾರೆಂದು ಹೇಳಬೇಕು. ನಾನು ಮನೆಅಳಿಯ. ಹುಟ್ಟಿದ್ದು ದೊಡ್ಡಬಳ್ಳಾಪುರದ ಆಚೆ, ಘಾಟಿ ಕಡೆಯ ಹಳ್ಳಿಯಲ್ಲಿ. ಅಣ್ಣತಮ್ಮಂದಿರಲ್ಲಿ ಜಮೀನು ಭಾಗವಾಗಿ ನನ್ನ ಪಾಲಿಗೆ ಬಂದದ್ದು ಟ್ರಾಕ್ಟರ್ ತಿರುಗಿಸಲೂ ಸಾಲದಷ್ಟು ನೆಲ. ಹೆಂಡತಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಬೂದಿಗೆರೆ ಹತ್ತಿರದ ತಮ್ಮ ಹಳ್ಳಿಗೇ ಬಂದುಬಿಡಿ ಎಂದು ಮಾವ ಕರೆದರು, ಬಂದೆ. ಸ್ವಲ್ಪ ಕಾಲ ಅವರ ಮನೆಯಲ್ಲಿದ್ದು, ಆಮೇಲೆ ಬೀದಿಯ ತುದಿಯಲ್ಲಿ, ಬೇವಿನ ಮರದ ಪಕ್ಕ ಶೀಟಿನ ಮನೆ ಕಟ್ಟಿ ಬೇರೆ ಒಲೆ ಹೂಡಿದೆವು. ಹಳ್ಳಿ ಹಳ್ಳಿ ತಿರುಗಿ ಕುರಿ, ಮೇಕೆ ಕೊಂಡು ಸಂತೆಗೆ ಹೊಡೆಯುವುದು ನನ್ನ ಕಸುಬು. ಮೊದಲು ಬೈಕಿನಲ್ಲಿ, ಈಗ ಗೂಡ್ಸ್ ಆಟೋದಲ್ಲಿ. ಇದರಲ್ಲಿ ಮಾವನ ದುಡ್ಡು ಒಂದು ರೂಪಾಯಿಯೂ ಇಲ್ಲ. ಆದರೂ ಊರಲ್ಲಿ ಮೇಲ್ಮನೆ, ಬಾವಿಮನೆ, ಜಗುಲಿಮನೆ ಎಂದು ಪ್ರತಿ ಮನೆಗೂ ಒಂದು ಹೆಸರಿದ್ದರೆ ನಮ್ಮದಕ್ಕೆ ಹೆಸರಿರಲಿಲ್ಲ. ಅದು ಅಳಿಯನ ಶೀಟು, ಅಷ್ಟೇ.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಬಾಡಿನ ಸಾರು ಕುದಿಯದ ಮನೆ ಇಲ್ಲ. ಊರವರೆಲ್ಲ ವರ್ಷವಿಡೀ ಚೀಟಿ ಕಟ್ಟಿ ಕುರಿ ತಂದು, ಕಡಿದು, ಹೊಂಗೆ ಮರದ ಕೆಳಗೆ ಟಾರ್ಪಾಲು ಹಾಸಿ ಒಲೆಗೊಂದರಂತೆ ಮಾಂಸದ ಗುಡ್ಡೆ ಹಾಕುತ್ತಾರೆ. ತೊಡೆ, ಎದೆ, ಈಲಿ, ಎಲುಬು, ಎಲ್ಲ ಗುಡ್ಡೆಗೂ ಒಂದೇ ಸಮ. ಆಮೇಲೆ ಒಬ್ಬ ಗುಡ್ಡೆಗಳಿಗೆ ಬೆನ್ನು ಹಾಕಿ ಕೂರುತ್ತಾನೆ. ಇನ್ನೊಬ್ಬ ಕೋಲಿನಿಂದ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ದು?" ಎಂದು ಕೇಳುತ್ತಾನೆ. ಕೂತವನು ಬಾಯಿಗೆ ಬಂದ ಮನೆಯ ಹೆಸರು ಕೂಗುತ್ತಾನೆ. ಆ ಮನೆಯವರು ಬಂದು ಪಾತ್ರೆಗೆ ತುಂಬಿಕೊಂಡು ಹೋಗುತ್ತಾರೆ. ಯಾರಿಗೂ ಮೋಸವಿಲ್ಲ. ಆದರೆ ಆ ಕೂಗು ಬರೀ ಬಾಡಿನ ಲೆಕ್ಕವಲ್ಲ. ನಿನ್ನದು ಒಂದು ಮನೆ ಎಂದು ಊರು ಒಪ್ಪಿತೋ ಇಲ್ಲವೋ ಅನ್ನುವುದು ಅಲ್ಲಿ ತಿಳಿಯುತ್ತದೆ.

ಕೂಗುತ್ತಿದ್ದವನು ನನ್ನ ಭಾವಮೈದ, ಹೆಂಡತಿಯ ದೊಡ್ಡಪ್ಪನ ಮಗ. ಗಂಟಲು ದೊಡ್ಡದು, ಮನೆಯೂ ದೊಡ್ಡದು. ಆ ಮಾತು ಬಿದ್ದದ್ದು ನಾನು ಬೇರೆ ಒಲೆ ಹೂಡಿದ ಮೊದಲ ಹೊಸತೊಡಕಿನಲ್ಲಿ. ಎಲ್ಲರ ಹಾಗೆ ಚೀಟಿ ಕಟ್ಟಿದ್ದೆ, ಎಲ್ಲರ ಹಾಗೆ ಡಬರಿ ಹಿಡಿದು ನಿಂತಿದ್ದೆ. ಮನೆಗಳ ಹೆಸರು ಒಂದೊಂದಾಗಿ ಕೂಗಿದ್ದಾಯಿತು. ಕೊನೆಗೆ ಒಂದು ಗುಡ್ಡೆ, ಒಬ್ಬ ನಾನು.

"ಇದ್ಯಾರ್ದಪ್ಪಾ?" ಎಂದರು ಕೋಲು ಹಿಡಿದ ಯಜಮಾನರು.

ಅವನು ಕೂಗಲಿಲ್ಲ. ತಿರುಗಿ ನನ್ನನ್ನು ನೋಡಿದ.

"ಓಹೋ, ನಮ್ ಭಾವಂದಾ! ಏನ್ ಭಾವ, ಮನೆಅಳಿಯಂಗೂ ಒಂದು ಗುಡ್ಡೆನಾ? ಅತ್ತೆ ಮನೆ ಸಾರಲ್ಲೇ ಎರಡು ಪೀಸ್ ಜಾಸ್ತಿ ಹಾಕುಸ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

ಎಲ್ಲರೂ ಗೊಳ್ಳೆಂದರು. ಅವನಿಗೆ ಅಷ್ಟು ಸಾಲಲಿಲ್ಲ. ಎದ್ದು ಬಂದು ನನ್ನ ಗುಡ್ಡೆಯನ್ನು ಎರಡು ಕೈಯಿಂದ ಸೀಳಿ, ಅರ್ಧ ಬಾಚಿ ನನ್ನ ಮಾವನ ಪಾತ್ರೆಗೆ ಸುರಿದ. "ಊರು ಹೆಂಡ್ತಿ ಕಡೇದು, ಬಾಡೂ ಹೆಂಡ್ತಿ ಕಡೆಯಿಂದ್ಲೇ ಬರ್ಲಿ. ನಿನ್ಗೆ ಅರ್ಧ ಗುಡ್ಡೆ ಸಾಕು ಭಾವ!"

ಮಾವ ಪಾತ್ರೆಯೊಳಗೆ ನೋಡುತ್ತಾ ನಿಂತರು. ನಾನು ನಕ್ಕೆ. ನಗದೆ ಇರಲು ದಾರಿಯಿರಲಿಲ್ಲ. ಭಾವ ಭಾವಮೈದ ಅಂದ ಮೇಲೆ ಒಬ್ಬರನ್ನೊಬ್ಬರು ಆಡಿಕೊಳ್ಳುವುದು ನಮ್ಮಲ್ಲಿ ಹಕ್ಕು. ಮದುವೆ ಮನೆಯಲ್ಲಿ ಚಪ್ಪಲಿ ಬಚ್ಚಿಡುವುದರಿಂದ ಹಿಡಿದು ಇಲ್ಲಿಯವರೆಗೂ ಅದಕ್ಕೆ ತಮಾಷೆ ಎಂದೇ ಹೆಸರು. ಕೋಪ ಮಾಡಿಕೊಂಡವನೇ ಸಣ್ಣವನಾಗುತ್ತಾನೆ. ಚೂರಿ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಒರೆ ಎಲ್ಲಿ ಸಿಗುತ್ತದೆ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಬಿಡ್ರೀ ಅತ್ಲಾಗೆ, ನಮ್ಮಣ್ಣನ ಬಾಯೇ ಅಂಥದ್ದು. ಮನಸಲ್ಲೇನಿಲ್ಲ" ಎಂದಳು. ಊಟವನ್ನೇನೂ ಬಿಡಲಿಲ್ಲ ನಾನು, ಬಾಡು ಏನು ತಪ್ಪು ಮಾಡಿತ್ತು? ಆದರೆ ಅವತ್ತಿನಿಂದ ಊರಲ್ಲಿ ನನಗೆ ಹೊಸ ಹೆಸರು ಬಂತು. ಡೈರಿಗೆ ಹಾಲು ಹಾಕಲು ಹೋದರೆ "ಅರ್ಧ ಗುಡ್ಡೆ ಬಂದ್ರು, ಜಾಗ ಬಿಡ್ರಪ್ಪೋ." ಟೀ ಅಂಗಡಿಯಲ್ಲಿ "ನಮ್ ಭಾವಂಗೆ ಅರ್ಧ ಟೀ ಹಾಕ್ ಗುರು." ಒಂದು ಸಂಜೆ ನನ್ನ ಮಗಳು ಶಾಲೆಯ ಚೀಲ ಇಳಿಸುತ್ತಾ, "ಅಪ್ಪಾ, ಅರ್ಧ ಗುಡ್ಡೆ ಮಗಳು ಅಂದ್ರೆ ಏನು?" ಎಂದು ಕೇಳಿದಳು. "ನಿಮ್ಮ ಮಾಮನ್ನ ಕೇಳು" ಎನ್ನಲು ಬಾಯಿಗೆ ಬಂತು, ನುಂಗಿಕೊಂಡೆ. ಆ ಹೆಸರನ್ನು ನಾನು ಹೇಗೋ ಹೊರುತ್ತಿದ್ದೆ. ಮಗಳ ತಲೆಯ ಮೇಲೆ ಅದು ಕೂರಬಾರದು. ಊರ ಮುಂದೆ ಸೀಳಿದ್ದನ್ನು ಊರ ಮುಂದೆಯೇ, ಅವನ ಕೈಯಿಂದಲೇ ಸೇರಿಸಬೇಕು ಎಂದು ಅವತ್ತು ತೀರ್ಮಾನಿಸಿದೆ.

ತೀರ್ಮಾನ ಸುಲಭ, ತಾಳುವುದು ಕಷ್ಟ. ಬೈಕಿನ ಮೇಲೆ ಕೂತರೆ ಸಾಕು, ಅವನಿಗೆ ಕೊಡಬೇಕಾಗಿದ್ದ ಉತ್ತರಗಳು ತಲೆಯೊಳಗೆ ಸಾಲಾಗಿ ಬರುತ್ತಿದ್ದವು. ಎಂಥೆಂಥ ಉತ್ತರಗಳು! ಹೆಲ್ಮೆಟ್ಟಿನೊಳಗೆ ಜೋರಾಗಿ ಹೇಳಿಯೂ ಹೇಳುತ್ತಿದ್ದೆ. ಸಂತೆಯಲ್ಲಿ ಯಾರಾದರೂ ಕುರಿಗೆ ಕಡಿಮೆ ಕೇಳಿದರೆ ಭಾವಮೈದನ ಮುಖವೇ ಕಂಡು ರೇಗಿಬಿಡುತ್ತಿದ್ದೆ. ಎರಡು ಒಳ್ಳೆಯ ಗಿರಾಕಿಗಳು ಹಾಗೇ ಕೈಬಿಟ್ಟು ಹೋದರು. ಮುಂದಿನ ಯುಗಾದಿಗೆ ಚೀಟಿಯನ್ನೇ ಬಿಟ್ಟು, ಹೊಸಕೋಟೆಯ ಅಂಗಡಿಯಿಂದ ಮಾಂಸ ತಂದೆ. "ಅಂಗಡಿ ಬಾಡು ತಿನ್ನಕ್ಕೆ ಊರಲ್ಲಿ ಯಾಕಿರ್ಬೇಕು?" ಎಂದು ಹೆಂಡತಿ ಮುಖ ದಪ್ಪಗೆ ಮಾಡಿಕೊಂಡಳು. ಊರವರು "ಅಳಿಯ ಮುನಿಸ್ಕೊಂಡವ್ನೆ" ಎಂದು ಇನ್ನೊಂದು ವರ್ಷಕ್ಕಾಗುವಷ್ಟು ನಕ್ಕರು. ಆಗ ನನಗೇ ನಾಚಿಕೆಯಾಯಿತು, ಅದೂ ವ್ಯಾಪಾರಿಯಾಗಿ. ಇವನಿಲ್ಲದಿದ್ದರೆ ಆಗುವುದಿಲ್ಲ ಎಂಬ ಸ್ಥಿತಿ ಬರುವ ಮೊದಲೇ ವ್ಯಾಪಾರದಿಂದ ಎದ್ದು ಹೋದರೆ ಯಾರು ಹಿಂದಕ್ಕೆ ಕರೆಯುತ್ತಾರೆ?

ಮರು ವರ್ಷ ಮತ್ತೆ ಚೀಟಿಗೆ ಸೇರಿದೆ. ಕುರಿ ತರುವ ಕೆಲಸಕ್ಕೆ ನಾನೇ ಮುಂದಾದೆ. ಬೆನ್ನು ಒತ್ತಿ, ಬಾಲದ ಬುಡ ಹಿಡಿದು, ಹಲ್ಲು ನೋಡಿ ತರುತ್ತಿದ್ದೆ. ಸಾರಿನ ರುಚಿ ಬೇರೆಯಾಯಿತು. ಹೆಂಗಸರು ಮೊದಲು ಗುರುತಿಸಿದರು, ಆಮೇಲೆ ಗಂಡಸರು. ನನ್ನ ಗುಡ್ಡೆಯೂ ಪೂರ್ತಿ ಸಿಗುತ್ತಿತ್ತು. ಆದರೆ ಅವನು ಕೂಗುವುದು ಮಾತ್ರ ಅದೇ: "ಅರ್ಧ ಗುಡ್ಡೆ ಭಾವಂದು!"

ನಾನು ಕಾಯುತ್ತಿದ್ದೆ. ಈ ಸಲದ ಯುಗಾದಿಗೆ ಅವನೇ ಬಂದು ಬೋನಿಗೆ ಬಿದ್ದ.

"ಈ ಸತಿ ಕುರಿ ನಾನ್ ತರ್ತೀನಿ. ಗುಡ್ಡೆ ನೋಡಿ ಬಾಯ್ ಬಿಡ್ಬೇಕು ನೀವು" ಎಂದು ಡೈರಿ ಮುಂದೆ ಹೇಳಿದ. ನನ್ನ ಹೆಸರು ಮೇಲೆ ಬರುತ್ತಿರುವುದು ಅವನಿಗೆ ತಡೆಯಲಾಗಿರಲಿಲ್ಲ. ಅನುಗೊಂಡನಹಳ್ಳಿ ಕಡೆಯ ಒಬ್ಬ ರೈತನ ಹತ್ತಿರ ನಾಲ್ಕು ಕುರಿ ಗೊತ್ತು ಮಾಡಿ, ಪೂರ್ತಿ ದುಡ್ಡು ಕೊಟ್ಟು, ಕುರಿಗಳನ್ನು ಅಲ್ಲೇ ಬಿಟ್ಟು ಬಂದ. ಮನೆಯ ಮುಂದೆ ಆಗತಾನೆ ಗ್ರಾನೈಟ್ ಹಾಕಿಸಿದ್ದ. ಹಿಕ್ಕೆ ಬಿದ್ದು ಕೊಳೆಯಾದೀತೆಂದು ಹೆದರಿಕೆ. ಯುಗಾದಿ ಹತ್ತಿರ ಬಂದಾಗ ಕೊಂಡ ಕುರಿಯನ್ನು ಮಾರಿದವನ ಹಟ್ಟಿಯಲ್ಲೇ ಬಿಡುವವನು ಕುರಿ ಕೊಂಡಿಲ್ಲ, ದುಡ್ಡು ಎಸೆದಿದ್ದಾನೆ, ಅಷ್ಟೇ. ಬೆಂಗಳೂರಿನ ಗಾಡಿಗಳು ಬಂದು ಹೆಚ್ಚಿಗೆ ಕೂಗುವುದು ಆ ಕೊನೆಯ ದಿನಗಳಲ್ಲೇ. ಇದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಅವನು ಕೇಳಲಿಲ್ಲವಲ್ಲ.

ಯುಗಾದಿಯ ಮಧ್ಯಾಹ್ನ ಬಂದದ್ದು ಎರಡು, ಅವೂ ಪಕ್ಕೆ ಎಣಿಸಬಹುದಾದಂಥವು. ನಾವು ಒಬ್ಬಟ್ಟಿನ ಊಟ ಮುಗಿಸಿ, ಹೆಂಡತಿ ಮಗಳು ಮಾವನ ಮನೆಗೆ ಹೋಗಿ, ನಾನೊಬ್ಬನೇ ಕೂತಿದ್ದಾಗ ಅವನು ನಮ್ಮ ಶೀಟಿನ ಮನೆಗೆ ಮೊದಲ ಸಲ ಬಂದ. ಕಣ್ಣೆಲ್ಲ ಬೇವಿನ ಮರಕ್ಕೆ ಕಟ್ಟಿದ್ದ ಟಗರಿನ ಮೇಲೆ.

"ಬಾ ಭಾವ, ಒಬ್ಬಟ್ಟು ತಿನ್ನು" ಎಂದೆ.

"ಒಬ್ಬಟ್ಟು ಇರ್ಲಿ ಭಾವ. ಆ ಟಗರು ಬೇಕಾಗಿತ್ತು. ಊರಿನ್ ಮರ್ಯಾದೆ ಪ್ರಶ್ನೆ."

"ಊರಿಂದಾ, ನಿಂದಾ?"

"ಯಾರ್ದಾದ್ರೇನು, ರೇಟು ಹೇಳು."

"ಹೋಟ್ಲವ್ನಿಗೆ ಮಾತು ಕೊಟ್ಟಾಗದೆ."

ಅವನು ಹೆಚ್ಚಿಸುತ್ತಾ ಹೋದ. ನಾನು ಅವನ ಮುಂದಿಟ್ಟ ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ಹೋದೆ. ಅವನ ಹಣೆಯಲ್ಲಿ ಬೆವರು ಕಂಡ ಮೇಲೆ ಹೇಳಿದೆ: "ದುಡ್ಡು ಬೇಡ ಭಾವ. ಟಗರು ಸುಮ್ನೆ ಹೊಡ್ಕೊಂಡು ಹೋಗು. ಬೆಲೆ ಬಾಯಲ್ಲಿ ಕೊಡು. ನಾಳೆ ಮೊದಲ್ನೇ ಗುಡ್ಡೆಗೆ ನಮ್ಮನೆ ಕೂಗು. ಬೇವಿನಮರದ ಮನೆ ಅಂತ, ಆ ಕೊನೇವರ್ಗೂ ಕೇಳೋ ಹಂಗೆ. ಮತ್ತೆ ನನ್ ಟಗರು ಸೇರಿದ್ರೂ ಬಾಡು ಕಮ್ಮಿ ಬೀಳ್ತದೆ. ಊರವರ್ದೆಲ್ಲ ತುಂಬ ಇರ್ಲಿ, ಕಮ್ಮಿ ಬಿದ್ದದ್ದು ಒಂದೇ ಗುಡ್ಡೇಲಿ ಬೀಳ್ಲಿ. ಆ ಅರ್ಧ ಗುಡ್ಡೆ ಯಾರ್ದು ಅಂತ ನೀನೇ ಕೂಗು."

ಅವನ ಮುಖ ಕೆಂಪಾಯಿತು. "ಏನ್ ಭಾವ, ಹಳೇದೆಲ್ಲ ಇಟ್ಕೊಂಡಿದ್ಯಾ? ತಮಾಷೆಗೆ ಅಂದಿದ್ದಪ್ಪಾ ಅದು."

"ನಾನೂ ತಮಾಷೆಗೇ ಕೇಳ್ತಿರೋದು. ಭಾವ ಭಾವಮೈದ್ರು ಇಷ್ಟೂ ತಮಾಷೆ ಮಾಡ್ಬಾರ್ದಾ?"

ಹಿತ್ತಿಲಲ್ಲಿ ಇನ್ನೊಂದು ಮರಿ ಕಟ್ಟಿತ್ತು. ಅದನ್ನೂ ಕೊಟ್ಟಿದ್ದರೆ ಯಾರ ಗುಡ್ಡೆಯೂ ಅರ್ಧವಾಗುತ್ತಿರಲಿಲ್ಲ. ಅವನು ಟಗರಿನ ಹಗ್ಗ ಬಿಚ್ಚಿಕೊಂಡು ಹೊರಡುವಾಗಲೂ ಅದರ ಮಾತು ನನ್ನ ಬಾಯಿಂದ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಬೆನ್ನು ಹಾಕಿ ಕೂತ. ಯಜಮಾನರು ಮೊದಲ ಗುಡ್ಡೆಗೆ ಕೋಲು ಮುಟ್ಟಿಸಿದರು.

"ಇದ್ಯಾರ್ದು?"

ಅವನು ಗಂಟಲಲ್ಲೇ ಏನೋ ಗೊಣಗಿದ.

"ಏನಪ್ಪಾ, ಕೇಳುಸ್ಲಿಲ್ಲ" ಎಂದರು ಯಜಮಾನರು. ಅವರಿಗೆ ನಾನೇನೂ ಹೇಳಿಕೊಟ್ಟಿರಲಿಲ್ಲ, ನಿಜವಾಗಿಯೂ ಕಿವಿ ಮಂದ.

"ಬೇವಿನಮರದ ಮನೆ!"

ನಾನು ನಿಧಾನವಾಗಿ ಹೋಗಿ, ನಿಧಾನವಾಗಿ ತುಂಬಿಕೊಂಡೆ. ಒಂದು ಚೂರು ಕೊಬ್ಬನ್ನೂ ಟಾರ್ಪಾಲಿನ ಮೇಲೆ ಬಿಡಲಿಲ್ಲ. ಆದರೆ ಮನೆಗೆ ಹೋಗಲಿಲ್ಲ. ಡಬರಿ ಹಿಡಿದು ಕೊನೆಯವರೆಗೂ ನಿಂತೆ. ಕಡೆಗೆ ಅರ್ಧ ಗುಡ್ಡೆಯೊಂದು ಉಳಿಯಿತು.

"ಇದ್ಯಾರ್ದಪ್ಪಾ, ಇಷ್ಟು ಕಮ್ಮಿ ಐತಲ್ಲ?"

ಹಿಂದಿನಿಂದ ಅವನ ಕತ್ತು ಕಾಣುತ್ತಿತ್ತು. ಆ ಕತ್ತು ಬಗ್ಗುವುದನ್ನು ನಾನು ಕಣ್ತುಂಬ ನೋಡಿದೆ.

"ನಮ್ದು" ಎಂದ.

ಬಾವಿಮನೆಯವನು, "ಹೋಗ್ಲಿ ಬಿಡಣ್ಣ, ಬೇವಿನಮರದ ಮನೆಗೋಗಿ ಎರಡು ಪೀಸ್ ಹಾಕುಸ್ಕೊ" ಎಂದ. ಅದೇ ಜನ, ಅದೇ ಮರದ ಕೆಳಗೆ, ಅದೇ ಗೊಳ್. ನಾನು ನಗಲಿಲ್ಲ. ಸುಮ್ಮನೆ ನೋಡಿದೆ. ಎಷ್ಟು ಹಿತವಾಗಿತ್ತು ಅಂದರೆ, ಇದನ್ನು ಬರೆಯುವಾಗಲೂ ಬಾಯಲ್ಲಿ ನೀರೂರುತ್ತದೆ.

ಈಗ ಡೈರಿಯ ಪುಸ್ತಕದಲ್ಲೂ ನಮ್ಮದು ಬೇವಿನಮರದ ಮನೆ. ಮಗಳು ಗೆಳತಿಯರಿಗೆ ಹಾಗೆಯೇ ವಿಳಾಸ ಹೇಳುತ್ತಾಳೆ. ಹಳೆಯ ಹೆಸರನ್ನು ಅವನಿಗೆ ಅಂಟಿಸಲು ನಾನು ಟೀ ಅಂಗಡಿಯಲ್ಲಿ ಸ್ವಲ್ಪ ಪ್ರಯತ್ನಪಟ್ಟೆ, ಹತ್ತಲಿಲ್ಲ. ಅದೊಂದು ಬೇಜಾರು ಉಳಿದಿದೆ. ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಅದರಿಂದ ನನಗೆ ನಷ್ಟವೇನಿಲ್ಲ. ಹೆಂಡತಿ ಮಾತ್ರ "ನಮ್ಮಣ್ಣನ ತಲೆ ತಗ್ಗುಸ್ಬಿಟ್ರಲ್ಲ" ಎಂದು ಆ ಹಬ್ಬವೆಲ್ಲ ನನಗೆ ಕತ್ತಿನ ಎಲುಬನ್ನೇ ಬಡಿಸಿದಳು.

ನಿಮಗೂ ಇಂಥವರಿರುತ್ತಾರೆ, ಗೊತ್ತಿರುವವರೇ ಆಗಿರುತ್ತಾರೆ. ಗೊತ್ತಿಲ್ಲದವರ ಮಾತು ಇಷ್ಟು ಒಳಗೆ ಇಳಿಯುವುದಿಲ್ಲ. ಅವರು ಆಡಿದ ದಿನವೇ ಉತ್ತರ ಕೊಡಬೇಡಿ, ಅವತ್ತು ನಿಮ್ಮ ಕೈಯಲ್ಲಿ ಸರಕಿರುವುದಿಲ್ಲ. ಅವರ ಜೊತೆ ನಗಲೂ ಬೇಡಿ. ಮುಖ ಹಾಗೇ ಇಟ್ಟುಕೊಂಡರೆ ಅರ್ಧ ಜನಕ್ಕಾದರೂ ತಿಳಿಯುತ್ತದೆ. ಸಿಟ್ಟಿನಿಂದ ಜಾಗ ಬಿಟ್ಟು ಹೋಗಬೇಡಿ. ನೀವು ಬಿಟ್ಟ ಜಾಗದಲ್ಲಿ ಅವರೇ ಕಾಲು ಚಾಚುತ್ತಾರೆ. ಹತ್ತು ಜನರ ಮುಂದೆ ಅಂದವರು ಮನೆಯೊಳಗೆ ಬಂದು ಕ್ಷಮಿಸು ಅಂದರೆ ತೆಗೆದುಕೊಳ್ಳಬೇಡಿ, ಆ ಹತ್ತು ಜನರ ಮುಂದೆಯೇ ಆಗಲಿ ಅನ್ನಿ. ಅದಕ್ಕೆ ವರ್ಷಗಟ್ಟಲೆ ಕಾಯುವಷ್ಟು ಆ ಮಾತಿಗೆ ತೂಕವಿಲ್ಲ ಅನಿಸಿದರೆ, ಅವತ್ತೇ ಸಂಜೆ ಅದನ್ನು ಬಿಟ್ಟು ನಿದ್ದೆ ಮಾಡಿ. ನಡುವೆ ನೇತಾಡಿದರೆ ಗಿರಾಕಿಯೂ ಹೋಗುತ್ತಾನೆ, ನಿದ್ದೆಯೂ ಹೋಗುತ್ತದೆ. ತೀರಿಸುವುದಾದರೆ ಒಂದೇ ಸಲ ಪೂರ್ತಿ ತೀರಿಸಿ ಎದ್ದು ಬನ್ನಿ. ಎರಡನೆಯ ಸಲಕ್ಕೆ ಜನ ಅವರ ಕಡೆ ಆಗುತ್ತಾರೆ. ಇನ್ನು, ಅಂದವರು ಹೆಂಡತಿಯ ಕಡೆಯವರಾಗಿದ್ದರೆ ಅವಳನ್ನು ಹಿಂದಿನ ದಿನವೇ ಕೂರಿಸಿಕೊಂಡು ಹೇಳಿ, ಬೈಯುವುದನ್ನೆಲ್ಲ ಬೈಯಲು ಬಿಡಿ, ಒಪ್ಪಿದ ಮೇಲೆ ಹೊರಡಿ. ನಾನು ಹೇಳದೆ ಹೊರಟಿದ್ದೆ.