ಬಿಸಿನೀರಿನ ಉಪಕಾರ

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಪುಣೆಯ ಡಾಕ್ಟರು ಹೇಳಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನರಗಳ ಮೇಲಿನ ಹೊದಿಕೆ ಸವೆಯುವ ರೋಗ, ಪೂರ್ತಿ ವಾಸಿಯಾಗುವುದಿಲ್ಲ ಎಂದು ಅರ್ಧ ಗಂಟೆ ತಿಳಿಸಿ ಹೇಳಿದರು. ಅದೇ ಊರಿನ ಖಡಕಿಯ ನಮ್ಮ ಓಣಿಯ ಕನ್ನಡ ಹೆಂಗಸರಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಕಾಲು ಸೋತಿವೆ ಎಂದರೆ ವಾಯು. ವಾಯುವಿಗೆ ಎಣ್ಣೆ, ಎಣ್ಣೆಗೆ ಬಿಸಿನೀರು. ಇಷ್ಟಕ್ಕಾಗಿ ವರ್ಷಗಟ್ಟಲೆ ಓದಿದ ಡಾಕ್ಟರರ ಮೇಲೆ ಅವರಿಗೆ ಕನಿಕರವೇ ಬಂತು.

ವಾರಕ್ಕೊಮ್ಮೆ ನನ್ನ ಎಣ್ಣೆಸ್ನಾನ ಓಣಿಯ ಕಾರ್ಯಕ್ರಮವಾಯಿತು. ಒಬ್ಬರು ಹರಳೆಣ್ಣೆ ತರುವರು, ಇನ್ನೊಬ್ಬರು ತಾಮ್ರದ ಬಂಬಕ್ಕೆ ಕಟ್ಟಿಗೆ ಒಟ್ಟಿ ನೀರು ಕಾಯಿಸುವರು, ಉಳಿದವರು ಸಲಹೆ ಕೊಡುವರು. ಅತ್ತೆ ಸೆರಗು ಸಿಕ್ಕಿಸಿ ತಿಕ್ಕುತ್ತಿದ್ದರು. ಹಬೆಯಾಡುವ ನೀರು ಮೈಮೇಲೆ ಬಿದ್ದ ಸ್ವಲ್ಪ ಹೊತ್ತಿಗೇ ಕಣ್ಣು ಮಂಜಾಗಿ ಕಾಲು ಕುಸಿಯುತ್ತಿದ್ದವು. ಆಗ ಎಲ್ಲರೂ ಸೇರಿ ನನಗೆ ಸೀರೆ ಸುತ್ತಿ ಹೊರಗೆ ತರುತ್ತಿದ್ದರು.

"ವಾಯು ಸಡಲ ಆಗ್ಲಿಕತ್ತದ ನೋಡ್ರಿ. ಮುಂದಿನ ವಾರ ಇನ್ನಷ್ಟು ಕಾಯಿಸೂಣು," ಎನ್ನುವರು ಎದುರುಮನೆಯವರು.

ಸಂಜೆ ಮೈ ತಣಿದು ನಾನು ಎದ್ದು ಓಡಾಡಿದರೆ ಅದರ ಪುಣ್ಯ ಎಣ್ಣೆಗೆ. ಬೆಳಗ್ಗೆ ಬಿದ್ದ ಪಾಪ ಮಾತ್ರ ನನ್ನದು. ಬೀಳುವವಳನ್ನು ಬಚ್ಚಲಲ್ಲಿ ಒಬ್ಬಳೇ ಬಿಡುವುದುಂಟೇ? ಬಾಗಿಲಿನ ಚಿಲಕ ಕಿತ್ತಿಸಿದರು. ಉಳಿದ ದಿನಗಳ ಸ್ನಾನಕ್ಕೂ ಯಾರಾದರೊಬ್ಬರ ಕಾವಲು. ಆ ತುಂಬಿದ ಮನೆಯಲ್ಲಿ ಅಳಬೇಕೆಂದರೆ ನನಗಿದ್ದದ್ದು ಅದೊಂದೇ ಜಾಗ. ಕಾಲು ಸೋತದ್ದಕ್ಕಿಂತ ಅದು ಹೋದದ್ದು ನನಗೆ ಹೆಚ್ಚು ಉರಿಯಿತು. ಆದರೆ ಇಷ್ಟು ಪ್ರೀತಿ ಕುದಿಸಿ ಸುರಿಯುವವರಿಗೆ ಬೇಡ ಎನ್ನುವ ಸೊಸೆ ಎಂಥವಳು?

ಆ ಬೇಸಿಗೆಯಲ್ಲಿ ಗಂಡ ನನ್ನನ್ನು ಇದೇ ರೋಗದವರ ಸಂಘದ ಸಭೆಗೆ ಕರೆದೊಯ್ದರು. ಕಾಲು ಸೋತವರ ಅನುಕೂಲಕ್ಕೆಂದು ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯನ್ನೇ ಆರಿಸಿದ್ದರು. ಮೇಲೆ ಮುಟ್ಟುವಷ್ಟರಲ್ಲಿ ನಾನು ಸದಸ್ಯತ್ವಕ್ಕೆ ಪೂರ್ತಿ ಅರ್ಹಳಾಗಿದ್ದೆ. ಫ್ಯಾನಿನ ಕೆಳಗೆ ಒಬ್ಬ ಮರಾಠಿ ಹೆಂಗಸು ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದರು. ನನ್ನ ಸ್ನಾನದ ಕಥೆ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಅಹೋ, ಗರಮ್ ಪಾಣಿ ಬಂದ್ ಕರಾ," ಎಂದು ಮೊದಲು ಬಿಸಿನೀರನ್ನೇ ನಿಲ್ಲಿಸಲು ಹೇಳಿದರು. ಮೈ ಕಾದರೆ ಈ ರೋಗದಲ್ಲಿ ಸೋತ ನರ ಇನ್ನಷ್ಟು ಸೋಲುತ್ತದೆ, ತಣಿದರೆ ಚೇತರಿಸಿಕೊಳ್ಳುತ್ತದೆ ಎಂದು ವಿವರಿಸಿದರು. ಅವರ ಮನೆಯವರೂ ಮೊದಲು ಇಟ್ಟಿಗೆ ಕಾಯಿಸಿ ಶಾಖ ಕೊಟ್ಟಿದ್ದರಂತೆ. ಪ್ರೀತಿಗೆ ಭಾಷೆಯ ಭೇದವಿಲ್ಲ ಎಂಬುದು ಅಲ್ಲಿ ಖಾತ್ರಿಯಾಯಿತು.

ಮರುದಿನ ಎಣ್ಣೆಸ್ನಾನದ ದಿನ. ಸಭೆಯಲ್ಲಿ ಕೇಳಿದ್ದನ್ನು ಅತ್ತೆಗೆ ಹೇಳಿ, ಒಬ್ಬಳೇ ಒಳಹೋಗಿ ಬಚ್ಚಲಿನ ಬಾಗಿಲು ಮುಂದೆ ಮಾಡಿಕೊಂಡು, ಸ್ಟೂಲಿನ ಮೇಲೆ ಕೂತು ತಣ್ಣೀರು ಸುರಿದುಕೊಂಡೆ. ಹೊರಗೆ ಓಣಿಯೆಲ್ಲ ಹೆರಿಗೆಗೆ ಕಾದಂತೆ ಕಾದಿತ್ತು. ಗೋಡೆ ಹಿಡಿದು, ನನ್ನ ಕಾಲ ಮೇಲೆಯೇ ಹೊರಬಂದೆ.

"ನಮ್ಮ ಎಣ್ಣಿ ಗುಣಾ ಕೊಟ್ಟೇ ಬಿಡ್ತು," ಎಂದು ಎದುರುಮನೆಯವರು ಸಂತೋಷದಿಂದ ಹೊರಟುಹೋದರು. ಉಳಿದವರೂ ಹೋದರು. ಅತ್ತೆ ಮಾತ್ರ ಕೂತೇ ಇದ್ದರು.

"ಹಂಗಾರ ಇಷ್ಟು ದಿನಾ ನಿನ್ನ ಕೆಡವಿದಾಕಿ ನಾನ ಏನು?"

ಚುಚ್ಚಲು ನಾನು ಮಾತು ತಯಾರಿಟ್ಟಿದ್ದೆ. ಆದರೆ ಅವರ ಮುಖ ನೋಡಿ ಸಂಕಟವಾಗಿ ಪಕ್ಕದಲ್ಲಿ ಕೂತೆ.

"ನಿಮಗರ ಏನ ಗೊತ್ತಿತ್ರಿ, ಅತ್ತಿಯವರ."

"ಇನ್ನ ನಾ ಬ್ಯಾಡೇನು ನಿನಗ?"

"ಬೇಕ್ರಿ. ಬಾಗಿಲ ಹೊರಗ ಬೇಕು. ಕರದ್ರ ಒಳಗ ಬರ್ರಿ."

ಅಂದಿನಿಂದ ಅವರು ದಿನಾ ಹೊರಗೆ ಕೂತರು, ಇಣುಕಲು ಬಂದವರನ್ನು ಗದರಿಸಿ ಕಳಿಸಿದರು. ಕೆಲವು ವರ್ಷಗಳ ನಂತರ ಒಂದು ಬೆಳಗ್ಗೆ, ತಣ್ಣೀರು ಹಾಕಿಕೊಂಡರೂ ನನ್ನ ಕಾಲು ಏಳಲಿಲ್ಲ. ಬಹಳ ಹೊತ್ತು ನೋಡಿ, ಕರೆದೆ. ಅತ್ತೆ ಎದ್ದು ಬಂದ ಸದ್ದು ಕೇಳಿಸಿತು. ಬಾಗಿಲು ಮೆಲ್ಲಗೆ ಬಡಿದು ಅವರು ಕೇಳಿದರು:

"ಒಳಗ ಬರ್ಲೇನವಾ?"